ಚಾಂಪಿಯನ್ ಮತ್ತೆ ಬರುವಷ್ಟರಲ್ಲಿ

ಆ ಕುರ್ಚಿಯಲ್ಲಿ ಕೂರಬೇಕಾಗಿದ್ದವಳು ನನ್ನ ಮಗಳು, ನಾನಲ್ಲ.

ಆಗ ನಾವು ದುಬೈನ ಅಲ್ ಬರ್ಷಾದಲ್ಲಿದ್ದೆವು. ಮನೆಯ ಹತ್ತಿರದ ದೊಡ್ಡ ಮಾಲಿನಲ್ಲಿ ಒಂದು ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ಚೆಸ್ ಪ್ರದರ್ಶನ ಏರ್ಪಾಡಾಗಿತ್ತು. ಯಾವುದೋ ಚಳಿಯ ದೇಶದಿಂದ ಬಂದ ಮಹಿಳಾ ಚಾಂಪಿಯನ್ ಒಬ್ಬರು ಒಂದೇ ಹೊತ್ತಿಗೆ ಇಪ್ಪತ್ತೈದು ಜನರೊಡನೆ ಆಡುತ್ತಾರೆ ಎಂದು ಮಗಳ ಚೆಸ್ ಕ್ಲಾಸಿನವರು ತಿಳಿಸಿದ್ದರು. ನನ್ನ ಗಂಡ ಅದೇ ಗಳಿಗೆಯಲ್ಲಿ ತಮ್ಮ ಹೆಸರು, ಮಗಳ ಹೆಸರು ಎರಡನ್ನೂ ಕೊಟ್ಟುಬಿಟ್ಟರು. ಅವರು ಮಂಗಳೂರಿನವರು. ಜೆಬೆಲ್ ಅಲಿಯ ಒಂದು ಗೋದಾಮು ಕಂಪನಿಯಲ್ಲಿ ಕೆಲಸ. ಹೋಗುವಾಗ ಬರುವಾಗ ಕಂಪನಿ ಬಸ್ಸಿನಲ್ಲಿ ಫೋನಿನ ಮೇಲೆ ಚೆಸ್ ಆಡುವುದೇ ಅವರಿಗಿದ್ದ ಒಂದು ಹುಚ್ಚು. ಆ ವಾರವಿಡೀ ಊಟದ ತಟ್ಟೆಯ ಮುಂದೆಯೂ ಫೋನು ಇಟ್ಟುಕೊಂಡೇ ಕೂರುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಮಗಳು ದಿಂಬಿನಿಂದ ಮುಖ ಎತ್ತದೆ ಹೇಳಿದಳು, "ಐ ಆಮ್ ನಾಟ್ ಗೋಯಿಂಗ್. ಇಟ್ಸ್ ಸೋ ಬೋರಿಂಗ್, ಅಮ್ಮಾ."

"ಎಂತ ಬೋರಿಂಗ್? ಚಾಂಪಿಯನ್ ಹತ್ರ ಆಡ್ಲಿಕ್ಕೆ ಜನ ಸಾಯ್ತಾರೆ ಇಲ್ಲಿ!" ಎಂದರು ಗಂಡ.

"ದೆನ್ ಲೆಟ್ ದೆಮ್ ಪ್ಲೇ."

ಹದಿಮೂರು ವರ್ಷದ ಹುಡುಗಿಯನ್ನು ಎತ್ತಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸುವುದಕ್ಕಾಗುತ್ತದೆಯೇ? ಗಂಡ ಬಾಲ್ಕನಿಗೂ ಅಡುಗೆಮನೆಗೂ ನಾಲ್ಕು ಸಲ ಓಡಾಡಿದರು. ನಾನು ಒಲೆಯ ಮೇಲಿನ ಸಾರು ಕಲಕುತ್ತಾ, "ನಾನು ಕೂರಲಾ?" ಎಂದೆ.

ಅವರು ನಿಂತರು. ನಗಲಿಲ್ಲ, ಅದೊಂದು ಒಳ್ಳೆಯ ಗುಣ. "ನಿಂಗೆ ಆಡ್ಲಿಕ್ಕೆ ಬರ್ತದಾ?"

ಬರುತ್ತಿತ್ತು. ಎಲ್ಲಿ ಕಲಿತೆ ಎಂದರೆ ಮಗಳ ಕ್ಲಾಸಿನ ಹೊರಗಿನ ಕಾರಿಡಾರಿನಲ್ಲಿ. ಎರಡು ವರ್ಷ ವಾರಕ್ಕೆರಡು ಸಂಜೆ ಆ ಗಾಜಿನ ಬಾಗಿಲಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾದಿದ್ದೇನೆ. ಉಳಿದ ತಾಯಂದಿರು ಫೋನು ನೋಡುತ್ತಿದ್ದರು. ನಾನು ಒಳಗಿನ ದೊಡ್ಡ ಬೋರ್ಡು ನೋಡುತ್ತಿದ್ದೆ. ಕೋಚ್ ಕೇಳಿದ ಪ್ರಶ್ನೆಗೆ ಒಳಗಿನ ಮಕ್ಕಳಿಗಿಂತ ಮೊದಲು ಹೊರಗಿನಿಂದ ನಾನು ಮನಸ್ಸಿನಲ್ಲೇ ಉತ್ತರ ಹೇಳುತ್ತಿದ್ದೆ. ಒಮ್ಮೊಮ್ಮೆ ಸರಿಯಾಗಿರುತ್ತಿತ್ತು. ಮಗಳು ಶಾಲೆಗೆ ಹೋದ ಮೇಲೆ ಅವಳ ಬೋರ್ಡು ಬಿಚ್ಚಿ ಎರಡೂ ಕಡೆ ನಾನೇ ಆಡುತ್ತಿದ್ದೆ.

ಮೈಸೂರಿನಲ್ಲಿದ್ದಾಗ ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತಿದ್ದವಳು. ಇಲ್ಲಿಗೆ ಬಂದ ಮೇಲೆ ಗಂಡನ ವೀಸಾದ ಮೇಲಿದ್ದೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಆ ಹಾಳೆಯಲ್ಲಿ, ಗೃಹಿಣಿ, ಕೆಲಸ ಮಾಡಲು ಅನುಮತಿ ಇಲ್ಲ ಎಂದು ಅಚ್ಚಾಗಿತ್ತು. ಅದೇನೂ ಬದಲಾಗದ ಶಾಸನವಲ್ಲ. ಕೆಲಸ ಸಿಕ್ಕಿ, ಗಂಡ ಒಪ್ಪಿಗೆ ಕೊಟ್ಟರೆ ಸೇರಬಹುದಿತ್ತು. ನಾನು ಶಾಲೆಗಳಲ್ಲಿ ವಿಚಾರಿಸುತ್ತೇನೆ ಎಂದಾಗಲೆಲ್ಲ ಅವರು ಬೇಡ ಅನ್ನುತ್ತಿರಲಿಲ್ಲ. "ನೋಡುವ" ಅನ್ನುತ್ತಿದ್ದರು. ಮಗಳ ಪರೀಕ್ಷೆ ಮುಗಿಯಲಿ, ನೋಡುವ. ಮನೆ ಬದಲಾಯಿಸುವುದಿದೆ, ನೋಡುವ. ನಾನು ಜಗಳವಾಡುವಂಥ ಮಾತೇ ಅಲ್ಲಿ ಇರಲಿಲ್ಲ. ಹಗಲಿಡೀ ಕಿಟಕಿಯಲ್ಲಿ ಮೆಟ್ರೋ ಹೋಗುವುದು, ಮೆಟ್ರೋ ಬರುವುದು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆ. ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಕೂತರೆ ಎದ್ದೇಳಬೇಕು ಅನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಎಂದು ಗೊತ್ತಾಗುತ್ತಿರಲಿಲ್ಲ.

ಅಂತೂ ಮಗಳ ಹೆಸರಿನ ಜಾಗದಲ್ಲಿ ನಾನು ಹೋದೆ.

ಹೊರಗೆ ಮೇ ತಿಂಗಳ ಕೆಂಡದಂಥ ಬಿಸಿಲು. ಮಾಲಿನ ಒಳಗೆ ಸ್ವೆಟರ್ ಬೇಕೆನ್ನಿಸುವಷ್ಟು ಏಸಿ. ನಡುವಿನ ಅಂಗಳದಲ್ಲಿ, ಎಸ್ಕಲೇಟರ್‌ಗಳ ಬುಡದಲ್ಲಿ, ಉದ್ದದ ಮೇಜುಗಳನ್ನು ಚೌಕಾಕಾರವಾಗಿ ಜೋಡಿಸಿದ್ದರು. ನಾವು ಹೊರಮಗ್ಗುಲಲ್ಲಿ ಕೂರಬೇಕು, ಚಾಂಪಿಯನ್ ಒಳಗೆ ಸುತ್ತುತ್ತಾರೆ. ಸುತ್ತಲೂ ಹಗ್ಗ ಕಟ್ಟಿತ್ತು. ಹಗ್ಗದಾಚೆ ಚೀಲ ಹಿಡಿದ ಜನ ಐಸ್‌ಕ್ರೀಮು ತಿನ್ನುತ್ತಾ ನಮ್ಮನ್ನು ನೋಡುತ್ತಿದ್ದರು.

ಕಂದೂರ ಎಂಬ ಅರಬರ ಬಿಳಿ ನಿಲುವಂಗಿ ತೊಟ್ಟ ಎತ್ತರದ ತೀರ್ಪುಗಾರ ಮೈಕು ಹಿಡಿದು ನಿಯಮ ಹೇಳಿದ. ಎಲ್ಲ ಬೋರ್ಡಿನಲ್ಲೂ ಬಿಳಿ ಕಾಯಿ ಚಾಂಪಿಯನ್‌ದು. ಅವರು ಒಂದು ನಡೆ ಮಾಡಿ ಮುಂದಿನ ಬೋರ್ಡಿಗೆ ಹೋಗುತ್ತಾರೆ. ಅವರು ಸುತ್ತು ಮುಗಿಸಿ ಬರುವವರೆಗೆ ನೀವು ಯೋಚಿಸಬಹುದು, ಆದರೆ ಅವರು ಎದುರು ಬಂದು ನಿಂತ ಮೇಲೆಯೇ ಕಾಯಿ ನಡೆಸಬೇಕು. ತೀರಾ ತೋಚದಿದ್ದರೆ ಪಾಸ್ ಅನ್ನಬಹುದು, ಅದೂ ಆಟದಲ್ಲಿ ಎರಡೇ ಸಲ. ಯಾರೂ ಯಾರಿಗೂ ಹೇಳಿಕೊಡುವಂತಿಲ್ಲ.

ನನ್ನ ಎಡಗಡೆ ಬೋರ್ಡಿನಲ್ಲಿ ಗಂಡ. ಬಲಗಡೆ ಬಿಳಿ ಅಂಗಿಯ ಹಿರಿಯರೊಬ್ಬರು. ನಾವಿಬ್ಬರು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಅವರ ಮುಖ ಅರಳಿತು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಹೋಟೆಲೊಂದರಲ್ಲಿ ಬಹಳ ವರ್ಷ ದುಡಿದವರು.

"ಬೆಳಿಗ್ಗೆ ಇಗರ್ಜಿಗೆ ಹೋಗಿ ನೇರ ಇಲ್ಲಿಗೇ ಬಂದದ್ದು ಮೇಡಂ. ಬರುವ ತಿಂಗಳು ನಾನು ಊರಿಗೆ, ಪೂರ್ತಿ. ಹೋಗುವ ಮೊದಲು ಒಮ್ಮೆ ದೊಡ್ಡವರ ಕೈಯಲ್ಲಿ ಸೋಲುವ ಅಂತ ಆಸೆ."

"ಗೆಲ್ಲಬಹುದಲ್ಲ ಸರ್?" ಎಂದೆ.

"ಛೆ ಛೆ. ಆ ಆಸೆ ಇಲ್ಲ."

ಚಾಂಪಿಯನ್ ಬಂದರು. ಐವತ್ತರ ಆಸುಪಾಸು, ಕತ್ತರಿಸಿದ ಬೂದುಗೂದಲು, ಕೈಯಲ್ಲಿ ನೀರಿನ ಬಾಟಲಿ, ಕಾಲಲ್ಲಿ ಓಡುವವರು ಹಾಕುವಂಥ ಬೂಟು. ಒಬ್ಬೊಬ್ಬರ ಕೈ ಕುಲುಕಿ ನಡೆ ಮಾಡುತ್ತಾ ಹೋದರು. ನನ್ನ ಕೈ ಮಂಜುಗಡ್ಡೆಯಾಗಿತ್ತು. ಅವರದು ಬೆಚ್ಚಗಿತ್ತು.

ಮೊದಲ ಸುತ್ತುಗಳಲ್ಲಿ ಬೇಕಾದಷ್ಟು ಸಮಯ. ಅಷ್ಟು ಸಮಯ ನನಗೆ ಬೇಡವಾಗಿತ್ತು. ನಡೆ ಹೊಳೆದುಬಿಟ್ಟಿರುತ್ತಿತ್ತು, ಕೈ ಎತ್ತುವಂತಿರಲಿಲ್ಲ. ಚಾಂಪಿಯನ್ ದೂರದ ಮೂಲೆಯಲ್ಲಿ ಯಾರದೋ ಬೋರ್ಡಿನ ಮುಂದೆ ಗಲ್ಲಕ್ಕೆ ಬೆರಳಿಟ್ಟು ನಿಂತಿರುತ್ತಿದ್ದರು. ನಾನು ಮತ್ತೆ ಯೋಚಿಸುತ್ತಿದ್ದೆ. ಯೋಚಿಸಿದಷ್ಟೂ ಹೊಳೆದದ್ದು ತಪ್ಪು ಅನ್ನಿಸುತ್ತಿತ್ತು. ಬೇರೆ ನಡೆ ಹುಡುಕುತ್ತಿದ್ದೆ, ಅದೂ ತಪ್ಪೆನ್ನಿಸುತ್ತಿತ್ತು. ಮೇಜಿನ ಕೆಳಗೆ ನನ್ನ ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಪಕ್ಕದ ಹಿರಿಯರ ಕಾಯಿಗಳೂ ಅದರೊಂದಿಗೆ ಅಲುಗಾಡಿದಾಗ ನಾಚಿ ಕಾಲು ಮಡಚಿ ಕೂತೆ. ಆಮೇಲೆ ಬೂಟಿನ ಸದ್ದು ಹತ್ತಿರ ಬರುತ್ತಿತ್ತು. ಗಂಡನ ಬೋರ್ಡಿನ ಮುಂದೆ ನಿಲ್ಲುತ್ತಿತ್ತು. ಆಮೇಲೆ ನನ್ನ ಮುಂದೆ. ಅವರು ನನ್ನನ್ನು ನೋಡುತ್ತಿದ್ದರು, ಕಾಯುತ್ತಿದ್ದರು. ನಾನು ಕೊನೆಗೆ ಮೊದಲು ಹೊಳೆದದ್ದನ್ನೇ ಆಡುತ್ತಿದ್ದೆ.

ಇಳಿಹಗಲಿನ ಅಸರ್ ನಮಾಜಿನ ಬಾಂಗ್ ಕೇಳಿಸಿದಾಗ ಮಾಲಿನ ಸಂಗೀತ ನಿಂತಿತು. ಆ ಹೊತ್ತಿಗೆ ಆಟ ರಂಗೇರಿತ್ತು. ಮರದ ಕಾಯಿಗಳನ್ನು ಮರದ ಮೇಲಿಡುವ ಸದ್ದು ಮಾತ್ರ ಎಲ್ಲ ಕಡೆಯಿಂದ ಕೇಳಿಸುತ್ತಿತ್ತು. ಬಾಂಗ್ ಮುಗಿದು ಸಂಗೀತ ಶುರುವಾದ ಕೂಡಲೇ ಎಂಬಂತೆ ಒಬ್ಬೊಬ್ಬರೇ ಬೀಳತೊಡಗಿದರು. ಮೊದಲು ಬಿದ್ದವರಲ್ಲಿ ನನ್ನ ಗಂಡ ಒಬ್ಬರು. ಫೋನಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಆಡಿ ರೂಢಿ. ಇಲ್ಲೂ ಚಾಂಪಿಯನ್ ಬಂದ ಕೂಡಲೇ ಟಪ್ಪೆಂದು ಕಾಯಿ ಇಡುತ್ತಿದ್ದರು. ಮಂತ್ರಿ ಹೋಯಿತು. ಸೋಲೊಪ್ಪಿ ಕೈ ಕೊಟ್ಟು ಎದ್ದರು.

ಎದ್ದವರು ಮನೆಗೆ ಹೋಗಬಹುದಿತ್ತು, ಕಾಫಿ ಕುಡಿಯಬಹುದಿತ್ತು. ಹಗ್ಗದಾಚೆ ಸರಿಯಾಗಿ ನನ್ನ ಬೆನ್ನ ಹಿಂದೆ ಬಂದು ನಿಂತರು. ನನಗೆ ಅವರ ಉಸಿರು ಕೇಳಿಸುತ್ತಿತ್ತು. ನಾನು ಯಾವುದೋ ಕಾಯಿಯ ಕಡೆ ನೋಡಿದರೆ ಉಸಿರು ನಿಲ್ಲುತ್ತಿತ್ತು, ಬೇರೆ ಕಡೆ ನೋಡಿದರೆ ಮತ್ತೆ ಶುರುವಾಗುತ್ತಿತ್ತು.

ಆ ಹೊತ್ತಿಗೆ ನನ್ನ ಆಟ ಒಂದು ಇಕ್ಕಟ್ಟಿಗೆ ಬಂದಿತ್ತು. ಅವರ ಒಂಟೆಯೊಂದು ನನ್ನ ರಾಜನ ಕಡೆ ಓರೆಯಾಗಿ ಕಣ್ಣಿಟ್ಟು ಕೂತಿತ್ತು. ನಾನು ಎಲ್ಲ ಕಾಯಿಗಳನ್ನೂ ಮನಸ್ಸಿನಲ್ಲಿ ಎತ್ತಿ ಎತ್ತಿ ಇಡುತ್ತಿದ್ದೆ. ಏನೋ ಇದೆ, ಇಲ್ಲೇ ಎಲ್ಲೋ ಇದೆ ಅನ್ನಿಸುತ್ತಿತ್ತು. ಇನ್ನೇನು ಕೈಗೆ ಸಿಕ್ಕೀತು ಎನ್ನುವಾಗ ಬೆನ್ನ ಹಿಂದಿನಿಂದ ಪಿಸುಮಾತು ಬಂತು.

"ಕುದುರೆ ಮಾರಾಯ್ತಿ, ಕುದುರೆ. ನಡುವಿಗೆ ಹಾರಿಸು."

ನನ್ನ ತಲೆಯಲ್ಲಿ ತುಂಬಿದ್ದುದೆಲ್ಲ ಒಮ್ಮೆಲೇ ಖಾಲಿಯಾಯಿತು. ಬೋರ್ಡು ನೋಡಿದರೆ ಈಗ ಕುದುರೆ ಬಿಟ್ಟು ಏನೂ ಕಾಣಿಸುತ್ತಿಲ್ಲ. ನಡೆ ಒಳ್ಳೆಯದೇ. ಬಹಳ ಒಳ್ಳೆಯದು. ಇನ್ನೊಂದು ನಿಮಿಷ ಬಿಟ್ಟಿದ್ದರೆ ನನಗೇ ಹೊಳೆಯುತ್ತಿತ್ತೋ ಇಲ್ಲವೋ, ಅದು ಇನ್ನು ಯಾವತ್ತಿಗೂ ಗೊತ್ತಾಗುವುದಿಲ್ಲ. ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಯಿತು.

ಪಕ್ಕದ ಹಿರಿಯರು ತಮ್ಮ ಬೋರ್ಡಿನಿಂದ ಕಣ್ಣೆತ್ತದೆ ಮೆಲ್ಲಗೆ ಹೇಳಿದರು, "ನಿಮ್ಮವರಿಗೆ ಹೇಳಿ ಮೇಡಂ, ಇಲ್ಲಿ ಕನ್ನಡ ಬರುವವರೂ ಇದ್ದಾರೆ ಅಂತ."

ನಾನು ತಿರುಗಿದೆ. "ರೀ, ದಯವಿಟ್ಟು ಹೋಗಿ. ಒಂದು ಕಾಫಿ ಕುಡ್ಕೊಂಡು ಬನ್ನಿ."

"ನಾನು ಎಂತ ಹೇಳಿದೆ ಈಗ? ಒಂದು ಮಾತು—"

"ಹೋಗ್ರೀ!"

ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ಐಸ್‌ಕ್ರೀಮು ತಿನ್ನುತ್ತಿದ್ದವರು ನಿಲ್ಲಿಸಿ ನೋಡಿದರು. ತೀರ್ಪುಗಾರ ಬಂದು ನಗುತ್ತಲೇ ಗಂಡನ ಭುಜದ ಮೇಲೆ ಕೈಯಿಟ್ಟು, "ಯಲ್ಲಾ ಸರ್, ಯಲ್ಲಾ, ಪ್ಲೀಸ್" ಎಂದು ದೂರ ಕರೆದೊಯ್ದ. ಎಸ್ಕಲೇಟರಿನ ಪಕ್ಕದಲ್ಲಿ ಕೈಕಟ್ಟಿ ನಿಂತ ಅವರನ್ನು ನಾನು ಓರೆಗಣ್ಣಿನಲ್ಲಿ ನೋಡಿದೆ. ಮುಖ ಸಣ್ಣದಾಗಿತ್ತು.

ಬೂಟಿನ ಸದ್ದು ಬಂತು. ಚಾಂಪಿಯನ್ ನನ್ನೆದುರು ನಿಂತರು. ನಾನು "ಪಾಸ್" ಎಂದೆ.

ಅವರು ತಲೆಯಾಡಿಸಿ ಮುಂದೆ ಹೋದರು. ಅರ್ಧಕ್ಕರ್ಧ ಕುರ್ಚಿಗಳು ಖಾಲಿಯಾಗಿದ್ದುದರಿಂದ ಅವರು ಬಹಳ ಬೇಗ ಮರಳಿ ಬಂದರು. ನಾನಿನ್ನೂ ಕುದುರೆಯ ಸುತ್ತಲೇ ಸುತ್ತುತ್ತಿದ್ದೆ. ಅದನ್ನಾಡಿದರೆ ಅದು ನನ್ನದಲ್ಲ. ಆಡದಿದ್ದರೆ, ಗಂಡನ ಮೇಲಿನ ಸಿಟ್ಟಿಗೆ ಒಳ್ಳೆಯ ನಡೆ ಬಿಟ್ಟ ಹಟಮಾರಿ ಹೆಂಗಸು ನಾನು. "ಪಾಸ್" ಎಂದೆ ಮತ್ತೆ. ಅದೇ ಕೊನೆಯದು. ಈ ಸಲ ಅವರು ಬೋರ್ಡು ನೋಡಲಿಲ್ಲ, ನನ್ನ ಮುಖವನ್ನು ನೋಡಿ ಹೋದರು.

ಮೂರನೆಯ ಸಲ ಬಂದಾಗ ನಾನು ಅಂಚಿನ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿದೆ. ಯಾಕೆ ಎಂದು ಕೇಳಿದರೆ ಹೇಳಲು ನನ್ನಲ್ಲಿ ಅರ್ಧ ಕಾರಣವಿತ್ತು. ಒಂಟೆ ಇವತ್ತಲ್ಲ ನಾಳೆ ಅಲ್ಲಿಗೇ ಬರಬೇಕಾಗುತ್ತದೆ ಎಂದು. ಚಾಂಪಿಯನ್ ತುಸು ಬಗ್ಗಿ ನೋಡಿದರು. ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿದರು. ಆಮೇಲೆ ಒಂಟೆಯನ್ನು ಹಿಂದಕ್ಕೆ ಕರೆದುಕೊಂಡರು.

ಸ್ವಲ್ಪ ಹೊತ್ತಿಗೆ ಆ ಹಿರಿಯರ ರಾಜ ಮೂಲೆಗೆ ಸಿಕ್ಕಿಬಿದ್ದ. "ಖಲಾಸ್!" ಎಂದು ಎರಡೂ ಕೈ ಎತ್ತಿದರು. ಮದುವೆ ಮನೆಯಲ್ಲಿದ್ದವರ ಹಾಗೆ ನಗುತ್ತಾ ಚಾಂಪಿಯನ್ ಜತೆ ಫೋಟೋ ತೆಗೆಸಿಕೊಂಡರು. ಆದರೆ ಮನೆಗೆ ಹೋಗಲಿಲ್ಲ. ಎಸ್ಕಲೇಟರಿನ ಬಳಿ ನನ್ನ ಗಂಡನ ಪಕ್ಕದಲ್ಲಿ ಹೋಗಿ ನಿಂತರು.

ಈಗ ಆಟದ ಸ್ವರೂಪವೇ ಬದಲಾಯಿತು. ಮೊದಲು ಕಾದು ಕಾದು ಸಾಕಾಗುತ್ತಿತ್ತು, ಈಗ ಉಸಿರಾಡಲು ಬಿಡುವಿಲ್ಲ. ಐದು ಜನ ಉಳಿದೆವು, ಆಮೇಲೆ ಮೂರು. ಅವರು ಅಲ್ಲಿ ಕಾಯಿ ಇಟ್ಟರು ಎನ್ನುವಷ್ಟರಲ್ಲಿ ಇಲ್ಲಿರುತ್ತಿದ್ದರು. ನನಗೆ ನೀರು ಕುಡಿಯಬೇಕೆನ್ನಿಸಿತು, ಬಾಟಲಿಯ ಕಡೆ ಕೈ ಚಾಚಲು ಹೆದರಿಕೆ. ಕೊನೆಗೆ ಉಳಿದ ಇನ್ನೊಬ್ಬರೂ ಕೈ ಕೊಟ್ಟೆದ್ದರು. ಅಂಗಳದಲ್ಲಿ ನಾನೊಬ್ಬಳೇ. ಹಗ್ಗದ ಸುತ್ತ ಜನ ಒತ್ತಿಕೊಂಡು ನಿಂತರು.

ಚಾಂಪಿಯನ್ ಬೋರ್ಡನ್ನು ಒಮ್ಮೆ ನೋಡಿ ಕೈ ಚಾಚಿದರು. "ಡ್ರಾ?"

ಇಬ್ಬರ ಬಳಿಯೂ ಸಮಸಮವಾಗಿ ಕಾಯಿಗಳಿದ್ದವು. ಇಪ್ಪತ್ತೈದು ಜನರಲ್ಲಿ ಆ ದಿನ ಯಾರಿಗೂ ಡ್ರಾ ಸಿಕ್ಕಿರಲಿಲ್ಲ. ದೂರದಲ್ಲಿ ಗಂಡ ಚಪ್ಪಾಳೆ ತಟ್ಟಲು ಕೈ ಎತ್ತಿದ್ದು ಕಾಣಿಸಿತು.

"ನೋ," ಎಂದೆ. "ಐ ವಾಂಟ್ ಟು ಪ್ಲೇ."

"ಜೆಜು!" ಎಂದು ಯಾರೋ ಯೇಸುವನ್ನು ಕರೆದದ್ದು ಕೇಳಿಸಿತು. ಅದು ನನ್ನ ಪಕ್ಕ ಕೂತಿದ್ದ ಹಿರಿಯರು.

ಚಾಂಪಿಯನ್ ಹುಬ್ಬು ಮೇಲೇರಿತು. ಆಮೇಲೆ ಅವರು ಪಕ್ಕದಿಂದೊಂದು ಕುರ್ಚಿ ಎಳೆದುಕೊಂಡು ಆ ಮಧ್ಯಾಹ್ನ ಮೊದಲ ಸಲ ಕೂತರು. ಅಯ್ಯಮ್ಮಾ ಎಂಬರ್ಥದ ಏನೋ ಒಂದನ್ನು ಅವರ ಭಾಷೆಯಲ್ಲಿ ಹೇಳಿಕೊಂಡು ಬೂಟಿನ ಲೇಸು ಸಡಿಲಿಸಿದರು. ಎದುರುಬದುರು ಕೂತು ಆಡಿದೆವು. ಈಗ ಅವರ ಗಮನ ಹಂಚಿಹೋಗಲು ಬೇರೆ ಬೋರ್ಡುಗಳಿಲ್ಲ. ಎಂಥವರೊಡನೆ ಕೂತಿದ್ದೇನೆ ಎಂದು ಆಗಲೇ ನನಗೆ ತಿಳಿದದ್ದು. ಒಂದು ಆನೆ ಒಳಗೆ ಬಂತು, ಒಂದು ಕಾಲಾಳು ಹೋಯಿತು, ನನ್ನ ರಾಜ ಎತ್ತ ಸರಿದರೂ ಮುಂದೆ ಅವರೇ ನಿಂತಿರುತ್ತಿದ್ದರು. ಸೋಲು ಬರುವುದು ದೂರದಿಂದಲೇ ಕಾಣಿಸಿತು. ಆದರೂ ಕೊನೆಯವರೆಗೆ ಆಡಿ ಸೋತೆ.

ಕೈ ಕುಲುಕಿದ ಮೇಲೆ ಅವರು ಎದ್ದು ಹೋಗಲಿಲ್ಲ. ಕಾಯಿಗಳನ್ನು ಹಿಂದಕ್ಕೆ ಜೋಡಿಸತೊಡಗಿದರು, ಒಂದೂ ತಪ್ಪದೆ, ನಾನು ಪಾಸ್ ಎಂದ ಆ ಜಾಗದವರೆಗೆ. "ಇಲ್ಲಿ ನೀನು ಬಹಳ ಕಷ್ಟಪಟ್ಟೆ. ಕುದುರೆ ಕಾಣಲಿಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಕಂಡಿತು. ಅದನ್ನು ನನ್ನ ಗಂಡ ಹೇಳಿದರು. ಅದಕ್ಕೇ ಆಡಲಿಲ್ಲ."

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕುದುರೆಯನ್ನು ನಡುವಿಗೆ ಹಾರಿಸಿ ಎರಡೂ ಕಡೆಯ ಕಾಯಿಗಳನ್ನು ಸರಸರನೆ ನಡೆಸಿ ನೋಡಿದರು. ಮತ್ತೆ ಹಿಂದಿಟ್ಟು ನನ್ನ ಕಾಲಾಳಿನ ನಡೆಯನ್ನೂ ಹಾಗೆಯೇ ನಡೆಸಿದರು. ಆಮೇಲೆ ಭುಜ ಕುಣಿಸಿದರು. "ಎರಡೂ ಒಂದೇ. ಎರಡರಲ್ಲೂ ಡ್ರಾ."

ನಾನು ಪೆಚ್ಚಾಗಿ ಕೂತೆ. ಅವರು ನೀರಿನ ಬಾಟಲಿ ಎತ್ತಿಕೊಂಡು ಲೇಸು ಕಟ್ಟದ ಬೂಟಿನಲ್ಲೇ ನಡೆದುಹೋದರು.

ಕಾರು ಪಾರ್ಕಿಂಗಿನಿಂದ ಹೊರಬಂದು ಮೊದಲ ಸಿಗ್ನಲ್ಲಿನಲ್ಲಿ ನಿಂತಾಗ ಗಂಡನ ಸಹನೆಯ ಕಟ್ಟೆಯೊಡೆಯಿತು.

"ಚಾಂಪಿಯನ್ ಕೈ ಕೊಟ್ಟು ಡ್ರಾ ಅಂದ್ರೆ ಬೇಡ ಅನ್ಲಿಕ್ಕೆ ಮಂಡೆ ಸಮ ಉಂಟಾ ನಿಂಗೆ? ಆ ಅಂಕಲ್ ಸಹ ತಲೆಗೆ ಕೈ ಇಟ್ಕೊಂಡ್ರು! ಡ್ರಾ ಮಾರಾಯ್ತಿ, ಡ್ರಾ! ಜೀವಮಾನಕ್ಕೆ ಸಾಕಿತ್ತು."

"ಆಟ ಮುಗಿಯೋದು ನನಗೆ ಬೇಡವಾಗಿತ್ತು."

"ಅಂದ್ರೆ?"

ಹೇಗೆ ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಗಾಡಿ ಹೊರಟ ಮೇಲೆ ಹೇಳಿದೆ. "ಅವರು ನನ್ನ ಮುಂದೆ ಬಂದು ನಿಲ್ತಾ ಇದ್ರು. ಈಗ ನೀನೇನು ಮಾಡ್ತೀಯ ಅಂತ ನೋಡ್ತಾ ಇದ್ರು. ನಾನು ಏನಾದರೂ ಮಾಡೋವರೆಗೂ ಮುಂದಕ್ಕೆ ಹೋಗ್ತಿರಲಿಲ್ಲ. ಈ ಊರಿಗೆ ಬಂದ ಮೇಲೆ ಹಾಗೆ ಯಾರಾದರೂ ನನ್ನ ಮುಂದೆ ಬಂದು ನಿಂತಿದ್ದಾರಾ? ನೀವು ನಿಂತಿದ್ದೀರಾ? ನಾನು ಏನು ಕೇಳಿದರೂ ನೋಡುವ, ನೋಡುವ. ನೋಡ್ತಾ ನೋಡ್ತಾ ನಾಲ್ಕು ವರ್ಷ ಆಯ್ತು."

ನಮ್ಮ ಕಟ್ಟಡ ಬಂತು. ಅವರು ತಿರುಗಿಸಲಿಲ್ಲ, ಮುಂದೆ ಹೋದರು. ಇನ್ನೊಂದು ಸುತ್ತು ಹಾಕಿ ಬಂದರು. ಆಗಲೂ ತಿರುಗಿಸಲಿಲ್ಲ. ಮೂರನೆಯ ಸಲ ಗಾಡಿ ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದರು.

"ಯಾವ ಶಾಲೆ ಹೇಳು."

ಅಬುಧಾಬಿಯ ಖಲೀಫಾ ಸಿಟಿಯ ಶಾಲೆಯೊಂದು ಫಿಸಿಕ್ಸ್ ಟೀಚರ್‌ಗಾಗಿ ಹುಡುಕುತ್ತಿದೆ ಎಂದು ನಾನು ಎರಡು ವಾರದಿಂದ ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ದೂರ, ದಿನಾ ಹೋಗಿಬರುವುದು ಹೇಗೆ ಎಂದು ನನಗೇ ನಾನು ಹೇಳಿಕೊಂಡು ಸುಮ್ಮನಾಗಿದ್ದೆ. ಹೇಳಿದೆ. ಅವರು ನೋಡುವ ಅನ್ನಲಿಲ್ಲ. "ಖಲೀಫಾ ಸಿಟಿ ಅಂದ್ರೆ ಜೆಬೆಲ್ ಅಲಿ ದಾಟಿ ಮುಂದೆ ಅಲ್ವಾ. ನಾವು ಆ ಕಡೆ ಮನೆ ಮಾಡಿದ್ರೆ ನಾನು ಕೆಲಸಕ್ಕೆ ಈ ಕಡೆ ಬರ್ಬೇಕಾಗ್ತದೆ, ಅಷ್ಟೇ" ಎಂದರು. ಹೇಳಿ ಮುಗಿಸುವ ಹೊತ್ತಿಗೆ ಆ ದೂರ ಅವರಿಗೂ ಅರ್ಥವಾಗಿತ್ತು. ಒಂದು ನಿಟ್ಟುಸಿರು ಬಿಟ್ಟರು.

ಸಂದರ್ಶನದ ದಿನ ರಜೆ ಹಾಕಿ ಅವರೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನಾನು ಕಿಟಕಿ ಇಳಿಸುವುದು, ಬಿಸಿಗಾಳಿ ಹೊಡೆದ ಕೂಡಲೇ ಏರಿಸುವುದು ಮಾಡುತ್ತಿದ್ದೆ. ಶಾಲೆಯಲ್ಲಿ ಒಂದು ತರಗತಿ ತೆಗೆದುಕೊಳ್ಳಲು ಹೇಳಿದರು. ಎಷ್ಟೋ ವರ್ಷದ ಮೇಲೆ ಬೋರ್ಡಿನ ಮುಂದೆ ನಿಂತು ಲೋಲಕದ ಚಲನೆ ವಿವರಿಸಿದೆ. ಮೊದಲು ನಾಲಿಗೆ ತಡವರಿಸಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ ಪ್ರಶ್ನೆ ಕೇಳಿದಳು. ಆಮೇಲೆ ಸರಿಹೋಯಿತು.

ಹೊರಗೆ ಬಂದಾಗ ಗಂಡ ಕಾರಿನ ಸುತ್ತ ಓಡಾಡುತ್ತಿದ್ದರು, ಆ ಬಿಸಿಲಲ್ಲಿ.

"ಎಂತಾಯ್ತು?"

"ನಾಡಿದ್ದು ಹೇಳ್ತಾರಂತೆ."

"ನಾಡಿದ್ದಾ? ಅಲ್ಲಿವರೆಗೆ ನೀನು ಮನೆಯಲ್ಲಿ ಕೂತ್ಕೊಳ್ಳುದು ಹೇಗೆ?"

"ಗೊತ್ತಿಲ್ಲ ಕಣ್ರೀ. ಸದ್ಯ ಮನೆಗೆ ಬೇಡ. ಎಲ್ಲಿಗಾದರೂ ಹೊಡೀರಿ."

ಅಬುಧಾಬಿಯ ಕಡಲ ದಂಡೆಗೆ ಹೋದೆವು. ಆ ಹೊತ್ತಿನಲ್ಲಿ ಅಲ್ಲಿ ಮನುಷ್ಯರೇ ಇರಲಿಲ್ಲ. ಖರ್ಜೂರದ ಮರದ ತೆಳ್ಳಗಿನ ನೆರಳಿನಿಂದ ಇನ್ನೊಂದು ಮರದ ನೆರಳಿಗೆ ಓಡುತ್ತಾ, ನಡುವೆ ನಿಂತು ದಾರಿಯಲ್ಲಿ ಕೊಂಡಿದ್ದ ದಾಳಿಂಬೆ ರಸ ಕುಡಿಯುತ್ತಾ, ಮಗಳನ್ನು ಶಾಲೆ ಬದಲಾಯಿಸಲು ಹೇಗೆ ಒಪ್ಪಿಸುವುದೆಂದು ವಾದ ಮಾಡುತ್ತಾ ನಡೆದೆವು. ನನ್ನ ರೇಷ್ಮೆ ಸೀರೆ ಬೆವರಿಗೆ ಮೈಗಂಟಿತ್ತು.

ಕೆಲಸ ಸಿಕ್ಕಿತು. ಮಗಳು ಮೂರು ದಿನ ಮಾತು ಬಿಟ್ಟಳು. ಬೇಸಿಗೆ ರಜೆ ಮುಗಿಯುವುದರೊಳಗೆ ನಾವು ಖಲೀಫಾ ಸಿಟಿಯಲ್ಲಿ ವಿಲ್ಲಾ ಒಂದರ ಮಹಡಿಯ ಎರಡು ಕೋಣೆಗಳಿಗೆ ಸಾಮಾನು ಸಾಗಿಸಿದೆವು. ಮೊದಲ ದಿನ ಶಾಲೆಯ ಬಸ್ಸು ಬರುವುದಕ್ಕೆ ಬಹಳ ಮೊದಲೇ ನಾನು ಗೇಟಿನ ಬಳಿ ನಿಂತಿದ್ದೆ, ಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸುತ್ತಾ.